ಕ್ಷೇಮಸಮಾಚಾರದ ಆಚೆ: ಪರದೇಶದ ಮೊದಲ ವಾರಗಳು ಮತ್ತು ‘ಅಣ್ಣಯ್ಯನ ಮಾನವಶಾಸ್ತ್ರ’

ಧ್ವನಿ ಕೇಳಿಸ್ತಾ ಉಂಟು ಅಂದುಕೊಂಡು ಸುರು ಮಾಡ್ತೇನೆ. ಇಲ್ಲಿ ಪೆರ್ಲದ ಕಡೆ ಜೋರು ಮಳೆ, ನಡುವೆ ಸಂಪರ್ಕ ತಪ್ಪಿದರೆ ಕ್ಷಮಿಸಬೇಕು.

ಪರದೇಶಕ್ಕೆ ಓದಲು ಹೋದವರ ಮೊದಲ ದಿನಗಳು ಕನ್ನಡದಲ್ಲಿ ಹೇಗೆ ಬಂದಿವೆ ಎಂದು ಹುಡುಕಲು ಹೊರಟಾಗ ಮೊದಲು ಕೈಗೆ ಸಿಗುವುದು ಪ್ರವಾಸ ಸಾಹಿತ್ಯ. ಗೋಕಾಕರ ‘ಸಮುದ್ರದಾಚೆಯಿಂದ’, ಗೊರೂರರ ‘ಅಮೆರಿಕದಲ್ಲಿ ಗೊರೂರು’ ಎಲ್ಲರಿಗೂ ಗೊತ್ತಿರುವವೇ. ಗೋಕಾಕರು ಆಕ್ಸ್‌ಫರ್ಡಿಗೆ ವಿದ್ಯಾರ್ಥಿಯಾಗಿ ಹೋದವರು, ಗೊರೂರರು ಹಿರಿಯರಾಗಿ, ಅತಿಥಿಯಾಗಿ ಹೋದವರು. ಅತಿಥಿಗೆ ಹಿಂದಿರುಗುವ ದಿನ ಗೊತ್ತಿರುತ್ತದೆ, ಹಾಗಾಗಿ ಅಲ್ಲಿನ ಚಳಿಯೂ ಅವನಿಗೆ ಒಂದು ಸೊಗಸು. ವಿದ್ಯಾರ್ಥಿಗೆ ಆ ಸೌಕರ್ಯ ಇಲ್ಲ. ಅದಕ್ಕೇ ನಾನು ಪ್ರವಾಸಕಥನ ಬಿಟ್ಟು ಎ.ಕೆ. ರಾಮಾನುಜನ್ ಅವರ ‘ಅಣ್ಣಯ್ಯನ ಮಾನವಶಾಸ್ತ್ರ’ ಕತೆಗೆ ಬಂದೆ. ಮೊದಲ ವಾರಗಳ ವಿವರ ಅದರಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಆದರೆ ಆ ವಾರಗಳಲ್ಲಿ ಹುಟ್ಟುವ ಒಂದು ಒಪ್ಪಂದದ ಮೇಲೆಯೇ ಇಡೀ ಕತೆ ನಿಂತಿದೆ ಎಂಬುದು ನನ್ನ ವಾದ.

ಕತೆ ನಿಮಗೆಲ್ಲ ಗೊತ್ತು. ಶಿಕಾಗೋದಲ್ಲಿರುವ ಅಣ್ಣಯ್ಯ ಗ್ರಂಥಾಲಯದಲ್ಲಿ ಕೂತು ಹಿಂದೂ ಆಚರಣೆಗಳ ಬಗ್ಗೆ ಫರ್ಗುಸನ್ ಎಂಬವನ ಪುಸ್ತಕ ಓದುತ್ತಾನೆ. ಮೈಸೂರಿನಲ್ಲಿದ್ದಾಗ ಪಶ್ಚಿಮದ ಕಡೆಗಿದ್ದ ಮೋಹ ಅಲ್ಲಿ ಹೋದ ಮೇಲೆ ತಿರುವುಮುರುವಾಗಿದೆ. ಈ ಅಮೆರಿಕನ್ನರಿಗೆ ನಮ್ಮ ಬಗ್ಗೆ ಎಷ್ಟೆಲ್ಲ ಗೊತ್ತು ಎಂದು ಬೆರಗಾಗುತ್ತಾನೆ. ಪುಟ ತಿರುವುತ್ತ ಹೋದಂತೆ ಸಿಗುವ ಫೋಟೋಗಳಲ್ಲಿ ತನ್ನದೇ ಅಪ್ಪನ ದಹನ, ಕಡೆಗೆ ವಿಧವೆಯಾಗಿ ತನ್ನ ಅಮ್ಮ. ಅಪ್ಪ ಸತ್ತದ್ದನ್ನು ಮನೆಯವರು ಅವನಿಗೆ ತಿಳಿಸಿರಲಿಲ್ಲ.

ತರಗತಿಯಲ್ಲಿ ನಾವು ಇದನ್ನು ಪಾಶ್ಚಾತ್ಯ ಮಾನವಶಾಸ್ತ್ರದ ವಿಮರ್ಶೆ ಎಂದೇ ಓದುತ್ತೇವೆ. ಬೇರೆಯವರ ಸಾವು ಅವರಿಗೆ ಒಂದು ಚಿತ್ರಪಟ, ಅಷ್ಟೆ. ಈ ಓದು ತಪ್ಪಲ್ಲ, ಆದರೆ ಸಲೀಸು. ಆ ಫೋಟೋಗಳು ಫರ್ಗುಸನ್‌ಗೆ ಸಿಕ್ಕಿದ್ದು ಯಾರಿಂದ? ಹುಣಸೂರಿನ ಸುಂದರರಾಯನಿಂದ, ಅಂದರೆ ಅಣ್ಣಯ್ಯನದೇ ದಾಯಾದಿಯಿಂದ. ಮಗನಿಗೆ ಸುದ್ದಿ ಮುಟ್ಟಿಸದ ಬಂಧುವರ್ಗದೊಳಗಿನವನೇ ಪರದೇಶದ ವಿದ್ವಾಂಸನಿಗೆ ಚಿತ್ರ ಕೊಟ್ಟಿದ್ದಾನೆ. ಫರ್ಗುಸನ್‌ನನ್ನು ಬೈಯುವ ಭರದಲ್ಲಿ ಸುಂದರರಾಯ ನಮ್ಮಿಂದ ತಪ್ಪಿಸಿಕೊಳ್ತಾನೆ. ಇದು ಕಾಸರಗೋಡಿನವರಾದ ನಮಗೆ ಇನ್ನೂ ಚುಚ್ಚಬೇಕಾದ ಮಾತು. ಭೂತಕೋಲ, ಪಾಡ್ದನ, ನಮ್ಮ ಮಿಶ್ರ ಮಾತು, ಇವನ್ನೆಲ್ಲ ದಾಖಲಿಸಲು ಬರುವವರಿಗೆ ರೆಕಾರ್ಡರ್ ಹಿಡಿದು ದಾರಿ ತೋರಿಸುವವರು ನಾವೇ ತಾನೇ? ಕ್ಷೇತ್ರಕಾರ್ಯ ಮಾಡುವ ನಾನು ಎಷ್ಟೋ ಸಲ ಸುಂದರರಾಯ.

ಅನಂತಮೂರ್ತಿಯವರ ಹೆಸರು ಇಲ್ಲಿ ಬರಲೇಬೇಕು. ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ನೋಡಿದ ಮೇಲೆ ‘ಸಂಸ್ಕಾರ’ ಬರೆದದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಕಾದಂಬರಿ ಬಂದದ್ದು 1965ರಲ್ಲಿ, ಮುಂದೆ ಅದನ್ನು ಇಂಗ್ಲಿಷಿಗೆ ತಂದವರು ಇದೇ ರಾಮಾನುಜನ್. ಈ ಪ್ರಸಂಗದಿಂದ ನಾವೊಂದು ಸೂತ್ರ ಮಾಡಿಕೊಂಡಿದ್ದೇವೆ: ದೂರ ಹೋದರೆ ಊರು ಚೆನ್ನಾಗಿ ಕಾಣ್ತದೆ ಅಂತ. ಆದರೆ ಒಂದು ಸಂಗತಿ ಗಮನಿಸಿ. ಎರಡೂ ಕೃತಿಗಳ ನಡುವೆ ಊರಿನ ಒಂದು ಹೆಣ ಉಂಟು. ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರಿಲ್ಲ. ಅಣ್ಣಯ್ಯನ ಅಪ್ಪನಿಗೆ ಸಂಸ್ಕಾರ ಆಗಿದೆ, ಮಗ ಅಲ್ಲಿಲ್ಲ. ‘ಸಂಸ್ಕಾರ’ದಲ್ಲಿ ದೂರ ಲೇಖಕನಿಗೆ ದೃಷ್ಟಿ ಕೊಟ್ಟಿತು ಎಂದೇ ಇಟ್ಟುಕೊಳ್ಳೋಣ. ಅಣ್ಣಯ್ಯನಿಗೆ ಅದೇ ದೂರ ಕೊಟ್ಟದ್ದು ತಡವಾಗಿ ಬಂದ, ಅವನು ಕೇಳದೇ ಇದ್ದ ಒಂದು ನೋಟ.

ಕತೆಯ ಬಗ್ಗೆ ನನಗೆ ಒಂದು ತಕರಾರೂ ಉಂಟು. ಮನೆಯವರು ಯಾಕೆ ಮುಚ್ಚಿಟ್ಟರು ಎಂಬುದರ ಒಳಗೆ ಅದು ಇಳಿಯುವುದಿಲ್ಲ. ಅಮ್ಮ ನಮಗೆ ಕಡೆಗೆ ಸಿಗುವುದು ಬರೀ ಚಿತ್ರವಾಗಿ. ಮಗನ ಆಘಾತ ಕಟ್ಟುವ ಅವಸರದಲ್ಲಿ ಅಮ್ಮನ ಮೌನಕ್ಕೆ ಜಾಗ ಇಲ್ಲದಾಯ್ತು.

ಆ ಮೌನ ಎಂಥದು ಅಂತ ನನಗೆ ಗೊತ್ತಾದದ್ದು 2022ರಲ್ಲಿ. ದೊಡ್ಡಮ್ಮನ ಮಗಳು, ನಾನು ಅಕ್ಕ ಅಂತಲೇ ಕರೆಯುವವಳು, ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಎಂ.ಎಸ್ಸಿ. ಓದಲು ಹೋದಳು. ಅವಳು ಹೋದ ಒಂಬತ್ತನೇ ದಿನ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. “ಈಗಷ್ಟೇ ಹೋಗಿದ್ದಾಳೆ, ಹೇಳುವುದು ಬೇಡ” ಅಂತ ದೊಡ್ಡಮ್ಮ ಅಂದರು, ನಾವೆಲ್ಲ ಒಪ್ಪಿದೆವು. ಅತ್ತ ಅವಳೂ ಮುಚ್ಚಿಡುತ್ತಿದ್ದಳು ಅಂತ ಆಮೇಲೆ ತಿಳಿಯಿತು. ವಾಸದ ಪರವಾನಿಗೆಯ ಕಾರ್ಡು ಕೈಗೆ ಬರುವುದು ತಡವಾಗಿ ಬ್ಯಾಂಕ್ ಖಾತೆ ಆಗಿರಲಿಲ್ಲ, ಬಾಡಿಗೆ ಕೋಣೆ ಗಟ್ಟಿಯಾಗಿರಲಿಲ್ಲ, ಇನ್ನೊಬ್ಬಳ ಕೋಣೆಯ ನೆಲದಲ್ಲಿ ಮಲಗಿ ಬ್ರೆಡ್ಡು ಬಾಳೆಹಣ್ಣು ತಿಂದು “ಊಟ ಆಯ್ತು ಅಮ್ಮ” ಅನ್ನುತ್ತಿದ್ದಳು. ನಮಗೂ ಅವಳಿಗೂ ನಡುವೆ ನಾಲ್ಕೂವರೆ ಗಂಟೆಯ ವ್ಯತ್ಯಾಸ; ಅಕ್ಟೋಬರ್ ಕೊನೆಗೆ ಅಲ್ಲಿನ ಗಡಿಯಾರ ಹಿಂದೆ ಹೋಗಿ ಅದು ಐದೂವರೆಯಾಯ್ತು. “ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ” ಎಂಬ ಹಳೆಯ ಕಾಗದದ ಸಾಲೇ ಫೋನಿನಲ್ಲಿ ಎರಡೂ ಕಡೆಯಿಂದ ಓಡಾಡುತ್ತಿತ್ತು. ನಾನು ಹೇಳಿದ ಒಪ್ಪಂದ ಇದುವೇ. ಯಾರೂ ಸಹಿ ಹಾಕಿರುವುದಿಲ್ಲ, ಮೊದಲ ವಾರದಲ್ಲೇ ಜಾರಿಗೆ ಬಂದಿರ್ತದೆ.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: ವೀಡಿಯೊ ಕರೆ ಇರುವ ಈ ಕಾಲದಲ್ಲಿ ಅಣ್ಣಯ್ಯನ ಕತೆ ಸಾಧ್ಯವಾ ಅಂತ. ಒಳ್ಳೆ ಪ್ರಶ್ನೆ. ನಾವು ಕ್ಯಾಮೆರಾವನ್ನು ಅಜ್ಜಿಯ ಮುಖಕ್ಕೆ ಮಾತ್ರ ಹಿಡಿಯುತ್ತಿದ್ದೆವು. ಅಜ್ಜಿಯೂ ನಗುತ್ತಿದ್ದರು. ದೀಪಾವಳಿ ದಿನ ಯಾರೋ ಚಿಕ್ಕವರು ಕುಟುಂಬದ ಗುಂಪಿಗೆ ಚಾವಡಿಯ ಫೋಟೋ ಹಾಕಿದರು. ಹಣತೆ ಸಾಲು, ತಿಂಡಿ, ಮೂಲೆಯಲ್ಲಿ ಗೋಡೆಗೆ ಒರಗಿಸಿಟ್ಟ ಅಲ್ಯೂಮಿನಿಯಂ ವಾಕರ್. ನಾವ್ಯಾರೂ ಅದನ್ನು ನೋಡಿರಲಿಲ್ಲ. ಹತ್ತು ನಿಮಿಷ ಕಳೆದು ಅಕ್ಕನ ಮೆಸೇಜು ನನಗೊಬ್ಬಳಿಗೇ ಬಂತು: “ಮೂಲೆಯಲ್ಲಿ ಇರುವುದು ಯಾರದ್ದು?” ನಾನು ಬೆರಳು ಇಟ್ಟು ತುಂಬ ಹೊತ್ತು ಕೂತೆ. ಕಡೆಗೆ ಕರೆ ಮಾಡಿದೆ.