ಪುಟ ಸಿಕ್ಕಿತು, ಕುರ್ಚಿ ಯಾರಿಗೆ?

ಯುವ ಪತ್ರಕರ್ತರೊಬ್ಬರು ನಗರದ ಪತ್ರಿಕೆಗೆ ಸಂಪಾದಕರಾದರು ಅಂದಕೂಡಲೇ ಹಾರ ತುರಾಯಿ ಶುರುವಾಗುತ್ತವೆ. ದೇವದುರ್ಗದ ಕೇರಿಯ ಹುಡುಗ ಮಾತ್ರ ಕೇಳುತ್ತಾನೆ: 'ಅದ್ರಿಂದ ನಮಗೇನ್ರಿ?' ಪ್ರಶ್ನೆ ಒರಟು. ಆದರೆ ನಮ್ಮ ವಿಮರ್ಶೆ ಅಲ್ಲಿಂದಲೇ ಹೊರಡಬೇಕು.

2000ದ ಜನವರಿ 25ರಂದು ಪಿ. ಲಂಕೇಶ್ ತೀರಿಕೊಂಡರು. ಅವರು 1980ರಲ್ಲಿ ಬೆಂಗಳೂರಿನಲ್ಲಿ ಹುಟ್ಟುಹಾಕಿದ್ದ 'ಲಂಕೇಶ್ ಪತ್ರಿಕೆ'ಯ ಹೊಣೆ ಮಗಳು ಗೌರಿಯ ಹೆಗಲಿಗೆ ಬಿತ್ತು. ಆಕೆಗಿನ್ನೂ 38 ತುಂಬಿರಲಿಲ್ಲ. ದುಡಿದದ್ದು ಹೆಚ್ಚಾಗಿ ಇಂಗ್ಲಿಷ್ ಪತ್ರಿಕೋದ್ಯಮದಲ್ಲಿ. ಕನ್ನಡದಲ್ಲಿ ಬರೆದು ರೂಢಿಯಿಲ್ಲ. ಕುರ್ಚಿಯಲ್ಲಿ ಕೂತ ಮೇಲೆ ಕನ್ನಡ ಕಲಿತರು. ಅಷ್ಟೇ ಅಲ್ಲ, ಕುರ್ಚಿ ಬಿಟ್ಟು ಬಾಬಾಬುಡನ್‌ಗಿರಿಯ ಸೌಹಾರ್ದ ಹೋರಾಟದಲ್ಲಿ ಬೀದಿಗೂ ಇಳಿದರು. 2017ರ ಸೆಪ್ಟೆಂಬರ್ 5ರಂದು ಮನೆಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಆ ಬೆಲೆಯ ಮುಂದೆ ನಾವು ತಲೆಬಾಗುತ್ತೇವೆ.

ತಲೆಬಾಗಿಯೂ ಒಂದು ಮಾತು ಹೇಳಬೇಕು. ಅದು ಬಡ್ತಿಯಲ್ಲ, ವಾರಸುದಾರಿಕೆ. ಜಾಹೀರಾತಿಲ್ಲದೆ ಓದುಗರ ಕಾಸಿನಿಂದಲೇ ನಡೆದ ಪತ್ರಿಕೆ ಅದು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾದದ್ದು ಅಲ್ಲಿ. ಹಾಸನದ ಬಾನು ಮುಷ್ತಾಕ್ ವರದಿಗಾರ್ತಿಯಾಗಿದ್ದದ್ದೂ ಅಲ್ಲಿ. ದೂರದವರಿಗೆ, ಮೂಲೆಗೊತ್ತಿದವರಿಗೆ ಪುಟ ಸಿಕ್ಕಿತು. ಕುರ್ಚಿ ಮಾತ್ರ ಮನೆಯಲ್ಲೇ ಉಳಿಯಿತು. ಆ ಕುರ್ಚಿಯಾದರೂ ಎಷ್ಟು ಗಟ್ಟಿ? 2005ರಲ್ಲಿ ನಕ್ಸಲರ ಕುರಿತ ಒಂದು ವರದಿಯ ಮೇಲೆ ಪ್ರಕಾಶಕನಾಗಿದ್ದ ತಮ್ಮನಿಗೂ ಅಕ್ಕನಿಗೂ ಜಗಳವಾಯಿತು. ಗೌರಿ ಹೊರಬಂದು ಬೇರೆ ಪತ್ರಿಕೆ ಕಟ್ಟಬೇಕಾಯಿತು. ಸಂಪಾದಕಿಗಿಂತ ಒಡೆತನ ದೊಡ್ಡದು ಅಂತ ಆಗ ಗೊತ್ತಾಯಿತು.

ಇನ್ನು ನಮ್ಮ ಜಿಲ್ಲೆಗೆ ಬನ್ನಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮೇಲಿನವರ ಗದ್ದೆ ತುಂಬಿ ಮಿಕ್ಕರೆ ಮಾನ್ವಿ, ರಾಯಚೂರಿನ ಕೆಳಭಾಗಕ್ಕೆ. ಸುದ್ದಿಯದು ತಿರುವುಮುರುವು. ಅದು ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ. ಬೆಂಗಳೂರು ಮುಟ್ಟುವಷ್ಟರಲ್ಲಿ ಬರೆದವನ ಹೆಸರೇ ಇರುವುದಿಲ್ಲ. ತಾಲ್ಲೂಕು ವರದಿಗಾರನಿಗೆ ಎಷ್ಟೋ ಕಡೆ ಸಂಬಳವಿಲ್ಲ, ಜಾಹೀರಾತಿನ ಕಮಿಷನ್ನೇ ಗತಿ. ಜಾಹೀರಾತು ಕೊಡುವವನು ಊರಿನ ಸಾಹುಕಾರ, ಇಲ್ಲಾ ಗುತ್ತಿಗೆದಾರ. ಅವನ ಹೊಲದಲ್ಲಿ ಕೂಲಿ ಮುರಿದ ಸುದ್ದಿಯನ್ನು ಈತ ಯಾವ ಧೈರ್ಯದಿಂದ ಬರೆಯಬೇಕು? ಗುಳೆ ಹೋದ ದೇವದುರ್ಗದವರು ಬೆಂಗಳೂರಿನ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಾರೆ. ಆ ಕಟ್ಟಡದೊಳಗಿನ ಸಂಪಾದಕರ ಕೋಣೆಗೆ ಅವರ ಮಕ್ಕಳು ಯಾವಾಗ ಹೋಗುತ್ತಾರೆ?

ಇದು ಬರೀ ಹೊಟ್ಟೆಯುರಿಯ ಮಾತಲ್ಲ. 2019ರಲ್ಲಿ ಆಕ್ಸ್‌ಫ್ಯಾಮ್ ಮತ್ತು ನ್ಯೂಸ್‌ಲಾಂಡ್ರಿ ಲೆಕ್ಕ ಹಾಕಿದಾಗ, ದೇಶದ ಸುದ್ದಿಮನೆಗಳ 121 ಮುಖ್ಯ ಹುದ್ದೆಗಳಲ್ಲಿ 106 ಮೇಲ್ಜಾತಿಯವರ ಕೈಯಲ್ಲಿದ್ದವು. ದಲಿತರು, ಆದಿವಾಸಿಗಳು ಒಬ್ಬರೂ ಇರಲಿಲ್ಲ.

ಯೋಗ್ಯರು ಸಿಗುವುದಿಲ್ಲ ಅನ್ನುವವರು 1920 ನೆನೆಯಲಿ. ಶಾಹು ಮಹಾರಾಜರ 2500 ರೂಪಾಯಿ ನೆರವಿನಿಂದ 'ಮೂಕನಾಯಕ' ಹೊರಟಾಗ ಅಂಬೇಡ್ಕರ್ ಸರ್ಕಾರಿ ಕಾಲೇಜಿನ ನೌಕರಿಯಲ್ಲಿದ್ದರು. ಸಂಪಾದಕನಾಗಿ ಅವರು ನಿಲ್ಲಿಸಿದ್ದು ಪಾಂಡುರಂಗ ಭಟ್ಕರ್ ಎಂಬ ಮಹಾರ್ ತರುಣನನ್ನು. ಯೋಗ್ಯರು ಸಿಗಲೆಂದು ಬಾಬಾಸಾಹೇಬರು ಕಾಯುತ್ತ ಕೂರಲಿಲ್ಲ. ಜವಾಬ್ದಾರಿ ಕೊಟ್ಟರು.

ಗೆಳೆಯರೆ, ಬೆಂಗಳೂರನ್ನು ಬೈದು ಸುಮ್ಮನಾಗುವುದು ಸುಲಭ. ನಮ್ಮ ಚಳವಳಿಯ ಪತ್ರಿಕೆಗಳಲ್ಲಿ ಎಷ್ಟು ಕಡೆ ಕೇರಿಯ ಹೆಣ್ಣುಮಗಳ ಹೆಸರು ಸಂಪಾದಕಿ ಅಂತ ಅಚ್ಚಾಗಿದೆ? ಅವಳ ಕವಿತೆ ಹಾಕುತ್ತೇವೆ, ಚಪ್ಪಾಳೆ ಹೊಡೆಯುತ್ತೇವೆ. ಯಾವುದು ಅಚ್ಚಾಗಬೇಕು, ಯಾವುದು ಬೇಡ ಎಂದು ಹೇಳುವ ಹಕ್ಕು ಮಾತ್ರ ನಮ್ಮ ಗಂಡಸರ ಕಿಸೆಯಲ್ಲೇ ಅದ. ದೇವದುರ್ಗದ ಹುಡುಗನ ಪ್ರಶ್ನೆಯನ್ನು ನಾಳೆ ಅವಳು ನಮಗೇ ಕೇಳುತ್ತಾಳೆ. ಕೇಳುವ ಮೊದಲೇ ಎದ್ದು ಜಾಗ ಬಿಡೋಣ.