ಸರ್ವಜ್ಞನ ಅಂಕಿತವೂ ಪಾಠನಿರ್ಣಯವೂ

ಶಿಗ್ಗಾವಿ ತಾಲೂಕಿನ ಬಾಡ, ಬ್ಯಾಡಗಿ ತಾಲೂಕಿನ ಕಾಗಿನೆಲೆ ಇವು ಕನಕದಾಸರ ಹೆಸರಿನೊಡನೆಯೂ, ಹಿರೇಕೆರೂರ ಸೀಮೆಯ ಅಬಲೂರು ಮಾಸೂರುಗಳು ಸರ್ವಜ್ಞನ ಹೆಸರಿನೊಡನೆಯೂ ಬೆರೆತಿರುವ ಊರುಗಳು. ಹೀಗೆ ಹಾವೇರಿಯ ನಾಡಿಗೆ ಸೇರಿದ ಈ ಇಬ್ಬರು ಕವಿಗಳ ವಾಣಿಯೂ ಓಲೆಗರಿಗಳಿಂದಲೇ ನಮ್ಮ ವರೆಗೆ ಬಂದಿರುವದು. ಆದರೆ ಕನಕದಾಸರ ಕಾವ್ಯಗಳ ಪಾಠವು ಬಹುಮಟ್ಟಿಗೆ ಮೈಗಟ್ಟಾಗಿ ನಿಂತಿದ್ದರೆ, ಸರ್ವಜ್ಞನ ವಚನರಾಶಿಯು ಪ್ರತಿಯಿಂದ ಪ್ರತಿಗೆ ಬೆಳೆಯುತ್ತ ಬಂದಿದೆ. ಈ ಭೇದಕ್ಕೆ ಲಿಪಿಕಾರರನ್ನು ದೂರುವದು ವಾಡಿಕೆ. ನನಗೆ ತೋರುವ ಮಟ್ಟಿಗೆ ಮುಖ್ಯ ಕಾರಣವು ಛಂದಸ್ಸಿನಲ್ಲಿಯೇ ಇದೆ.

ತ್ರಿಪದಿಯಲ್ಲಿ 11 ಅಂಶಗಣಗಳು. 6ನೆಯದೂ 10ನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ‘ಸರ್ವಜ್ಞ’ ಎಂಬ ಶಬ್ದವು ಎರಡು ಗುರು, ಒಂದು ಲಘು ಕೂಡಿದ ನಿರ್ದುಷ್ಟವಾದ ವಿಷ್ಣುಗಣ. ಅದು ಕೂಡ್ರುವದು 11ನೆಯ ಗಣದ ಸ್ಥಾನದಲ್ಲಿ. ಎಂದ ಮೇಲೆ, ಹತ್ತು ಗಣಗಳಲ್ಲಿ ಮಾತು ಮುಗಿಯುವ ಯಾವ ತ್ರಿಪದಿಯನ್ನಾದರೂ ಸರ್ವಜ್ಞನದನ್ನಾಗಿ ಮಾಡಲು ಒಂದು ಗಣವನ್ನು ಕೂಡಿಸಿದರೆ ತೀರಿತು. ತೆಲುಗಿನ ವೇಮನನ ಮಕುಟವು ಪದ್ಯದ ಒಂದು ಪಾದವನ್ನೇ ಆಕ್ರಮಿಸಿರುವದು. ಅಲ್ಲಿ ಪರಕೀಯ ಪದ್ಯವನ್ನು ಒಳಗೆ ತರಬೇಕಾದರೆ ಮೂರು ಪಾದಗಳಲ್ಲಿ ಅರ್ಥವನ್ನು ಅಡಕಬೇಕಾಗುವದು. ನಮ್ಮಲ್ಲಿ ಅಷ್ಟು ಶ್ರಮವೂ ಇಲ್ಲ. ಮೇಲಾಗಿ ತ್ರಿಪದಿಯು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ಬೀಸುವ ಕಲ್ಲಿನ ಪದದ ವರೆಗೆ ನಾಡಿನ ಬಾಯಲ್ಲಿ ಆಡಿದ ಮಟ್ಟು. ಅಂಕಿತವು ಕರ್ತೃತ್ವಕ್ಕೆ ಸಾಕ್ಷಿಯೆಂದು ನಂಬುವವರು ಇದನ್ನು ಮರೆಯಬಾರದು.

ಇನ್ನು ಲಿಪಿಯ ಮಾತು. ಹಳೆಯ ಓಲೆಗಳಲ್ಲಿ ಎ-ಏ, ಒ-ಓ ಎಂಬ ಹ್ರಸ್ವದೀರ್ಘಗಳ ಭೇದವನ್ನು ಸಾಮಾನ್ಯವಾಗಿ ತೋರಿಸಿರುವದಿಲ್ಲ. ‘ಹೊಗು’ ಎಂದರೂ ‘ಹೋಗು’ ಎಂದರೂ ಬರಹ ಒಂದೇ. ನಳಚರಿತ್ರೆ, ರಾಮಧಾನ್ಯಚರಿತ್ರೆಗಳು ಭಾಮಿನೀ ಷಟ್ಪದಿಯಲ್ಲಿರುವದರಿಂದ ಅಲ್ಲಿ ಮೂರು ನಾಲ್ಕು ಮಾತ್ರೆಗಳ ಲೆಕ್ಕವೇ ಒಳಹೊಕ್ಕಿತೋ ಹೊರಹೋಯಿತೋ ಎಂಬದನ್ನು ಹೇಳಿಬಿಡುವದು. ಅಂಶಗಣದಲ್ಲಿಯಾದರೋ ಗಣದ ಆದಿಯೊಂದನ್ನು ಬಿಟ್ಟರೆ ಗುರುವೂ ಒಂದು ಅಂಶ, ಲಘುವೂ ಒಂದು ಅಂಶ. ತಪ್ಪು ಪಾಠವು ಕಾವಲುಗಾರನ ಮುಂದೆಯೇ ನಿರ್ಭಯವಾಗಿ ನಡೆದುಹೋಗುವದು. ಆದಿಪ್ರಾಸವು ಕಾಯುವದೂ ತನ್ನ ಅಕ್ಷರವನ್ನಷ್ಟೆ. ಮೋಹನತರಂಗಿಣಿಯ ಸಾಂಗತ್ಯವೂ ಅಂಶಛಂದಸ್ಸೇ ಅಲ್ಲವೆ ಎಂದು ಕೇಳಬಹುದು. ನಿಜ, ಆದರೆ ಅಲ್ಲಿ ಕಥೆಯು ಪದ್ಯಗಳನ್ನು ಕಟ್ಟಿಹಿಡಿದಿದೆ. ಸರ್ವಜ್ಞನದು ಮುಕ್ತಕ. ಕಟ್ಟಿನ ಕೊನೆಗೆ ಗರಿ ಉಳಿದರೆ, ಕೇಳಿ ಬಲ್ಲ ನಾಲ್ಕು ಪದ್ಯಗಳನ್ನು ಬರೆಯದಂತೆ ತಡೆಯುವವರಾರು?

ರೆವರೆಂಡ ಉತ್ತಂಗಿ ಚನ್ನಪ್ಪನವರು 1924ರಲ್ಲಿ ಪ್ರಕಟಿಸಿದ ಸಂಪುಟಕ್ಕೆ ಕನ್ನಡಿಗರು ಎಂದಿಗೂ ಋಣಿಗಳು. ಚದರಿಹೋಗಿದ್ದ ಸುಮಾರು ಎರಡು ಸಾವಿರ ವಚನಗಳನ್ನು ಅವರು ಕೂಡಿಸದೆ ಇದ್ದಿದ್ದರೆ ಇಂದು ಚರ್ಚಿಸುವದಕ್ಕೇ ಏನೂ ಇರುತ್ತಿರಲಿಲ್ಲ. ಕೂಡಿಸುವದು ಮೊದಲನೆಯ ಕೆಲಸ, ಸೋಸುವದು ಎರಡನೆಯದು. ಆದರೆ ಪಾಠಶಾಲೆಗಳಲ್ಲಿ ನಾವು ಸಂಗ್ರಹವನ್ನೇ ಕೃತಿಯೆಂದು ಓದಿಸುತ್ತಿರುವೆವು. ಒಂದು ಪದ್ಧತಿಯಲ್ಲಿ ಹೊಗಳಿದ್ದನ್ನು ಮತ್ತೊಂದರಲ್ಲಿ ತೆಗಳಿರುವದನ್ನು ಕಂಡು ‘ಕವಿಯು ಪರಸ್ಪರವಿರುದ್ಧವಾಗಿ ನುಡಿದಿದ್ದಾನೆ’ ಎಂದು ವಿದ್ಯಾರ್ಥಿಗಳಿಗೆ ಹೇಳುವೆವು. ಹತ್ತು ಬಾಯಿಗಳ ಮಾತನ್ನು ಒಬ್ಬನ ಮೇಲೆ ಹೊರಿಸಿ ಅವನನ್ನೇ ಚಂಚಲಚಿತ್ತನೆನ್ನುವದು ನ್ಯಾಯವೆ?

ಸಂಸ್ಕೃತದಲ್ಲಿ ಭರ್ತೃಹರಿಗೂ ಇದೇ ಗತಿಯಾಗಿತ್ತು. ನಾನು ಪಾಠಶಾಲೆಯಲ್ಲಿ ಕಂಠಪಾಠ ಮಾಡಿದ ನೀತಿಶತಕಕ್ಕೂ ಬೇರೆ ಗುರುಗಳಲ್ಲಿ ಓದಿದ ಸಹಪಾಠಿಯ ನೀತಿಶತಕಕ್ಕೂ ಕೆಲವು ಶ್ಲೋಕಗಳು ತಾಳೆಯಾಗುತ್ತಿರಲಿಲ್ಲ, ಇಬ್ಬರೂ ಜಗಳವಾಡಿದ್ದುಂಟು. ಕೋಸಾಂಬಿಯವರು 300ಕ್ಕೂ ಮಿಕ್ಕ ಹಸ್ತಪ್ರತಿಗಳನ್ನು ನೋಡಿ 1948ರಲ್ಲಿ ಪ್ರಕಟಿಸಿದ ಪರಿಷ್ಕರಣದಲ್ಲಿ, ಸಾಮಾನ್ಯವಾಗಿ ಎಲ್ಲ ಶಾಖೆಗಳಲ್ಲಿಯೂ ದೊರೆಯುವ 200 ಶ್ಲೋಕಗಳನ್ನು ಮೊದಲು ಇಟ್ಟು, ಸಂದಿಗ್ಧವಾದವುಗಳನ್ನೂ ಬಿಡಿಯಾದವುಗಳನ್ನೂ ಬೇರೆ ವರ್ಗಗಳಲ್ಲಿ ಕೊಟ್ಟರು. ಒಂದನ್ನೂ ಬಿಸಾಡಲಿಲ್ಲ, ಎಲ್ಲವನ್ನೂ ಸಮನೆನ್ನಲೂ ಇಲ್ಲ.

ಸರ್ವಜ್ಞನ ವಿಷಯದಲ್ಲಿ ಅಧ್ಯಾಪಕರು ಈ ಪದ್ಧತಿಯನ್ನೇ ಬೇಡತಕ್ಕದ್ದು. ಮೈಸೂರಿನಲ್ಲಿ 1891ರಿಂದ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ 1939ರಿಂದ ಓಲೆಗಳನ್ನು ಕೂಡಿಸಿಟ್ಟಿರುವದು ಕೇವಲ ಪೂಜೆಗಲ್ಲವಷ್ಟೆ! ಪ್ರತಿಯೊಂದು ವಚನದ ಕೆಳಗೆ ಅದು ಯಾವ ಯಾವ ಪ್ರತಿಗಳಲ್ಲಿದೆ, ಬರಿಯ ಬಾಯಿಮಾತಿನಿಂದ ಬಂದದ್ದೆ, ಎಂಬದು ಕಾಣಬೇಕು. ಒಂದರಿಂದ ಒಂದನ್ನು ನಕಲು ಮಾಡಿದ ಹತ್ತು ಓಲೆಗಳು ಒಂದೇ ಸಾಕ್ಷಿಯೆಂಬ ಎಚ್ಚರವೂ ಬೇಕು. ಒಂದೇ ಹಳೆಯ ಗರಿಯಲ್ಲಿ ಸತ್ಯವು ಉಳಿದಿರಬಹುದಾದ್ದರಿಂದ ಸಂಖ್ಯಾಬಲವನ್ನೇ ಪ್ರಮಾಣವೆನ್ನಲಾಗದು. ಬಾಯಿಯ ಪದವೆಲ್ಲ ಹೊಸದೆಂತಲೂ ಅಲ್ಲ. ಈ ಪರೀಕ್ಷೆಯನ್ನು ಮೊದಲು ಎದುರಿಸಬೇಕಾದವು ತಂದೆ ಬಸವರಸ, ತಾಯಿ ಮಾಳಿ ಎಂದು ಕವಿಯ ಜನ್ಮವನ್ನು ಹೇಳುವ ತ್ರಿಪದಿಗಳು. ಅಬಲೂರು ಮಾಸೂರುಗಳ ಹಕ್ಕು ನಿಂತಿರುವದು ಅವುಗಳ ಮೇಲೆಯೇ. ಆ ಊರುಗಳ ಅಭಿಮಾನಿಗಳು ಇದಕ್ಕಾಗಿ ನನ್ನ ಮೇಲೆ ಮುನಿಯಲಾರರೆಂದು ನಂಬಿದ್ದೇನೆ.