ಸೆರ್ರೊ ಟೊರ್ರೆಯ ಬೋಲ್ಟ್‌ಗಳು

ಪಟಗೋನಿಯಾದ ಸೆರ್ರೊ ಟೊರ್ರೆಯ ಎತ್ತರ 3,128 ಮೀಟರ್. ಹಿಮಾಲಯದ ಮುಂದೆ ಅದು ಕುಳ್ಳು. ಆದರೆ ನೆಟ್ಟಗೆ ಎದ್ದು ನಿಂತ ಗ್ರಾನೈಟ್ ಕಂಬ, ನೆತ್ತಿಗೆ ಗಾಳಿ ಮೆತ್ತಿದ ಹಿಮದ ಅಣಬೆ, ದಿನಗಟ್ಟಲೆ ಬಿಡದ ಬಿರುಗಾಳಿ. 1959ರಲ್ಲಿ ಇದನ್ನು ಏರಿದೆನೆಂದು ಇಟಲಿಯ ಚೆಸಾರೆ ಮೇಸ್ತ್ರಿ ಹೇಳಿಕೊಂಡಾಗ, ಜೊತೆಗಾರ ಟೋನಿ ಎಗ್ಗರ್ ಇಳಿಯುವ ದಾರಿಯಲ್ಲೇ ಸತ್ತಿದ್ದ. ಪುರಾವೆ ಇರಲಿಲ್ಲ. ನಂಬದವರ ಬಾಯಿ ಮುಚ್ಚಿಸಲು ಮೇಸ್ತ್ರಿ 1970ರಲ್ಲಿ ಪೆಟ್ರೋಲ್ ಕಂಪ್ರೆಸರ್ ತಂದು, ಅದರ ಬಲದಿಂದ ಬಂಡೆ ಕೊರೆದು, ಆಗ್ನೇಯ ಅಂಚಿನುದ್ದಕ್ಕೂ ಸುಮಾರು 400 ಬೋಲ್ಟ್ ಹೊಡೆದ. ಹಿಮದ ಅಣಬೆಯನ್ನು ಮಾತ್ರ ಏರಲಿಲ್ಲ. ಅದು ಬೆಟ್ಟದ ಭಾಗವೇ ಅಲ್ಲ ಎಂದುಬಿಟ್ಟ.

ಬೋಲ್ಟ್ ಎಂದ ಮಾತ್ರಕ್ಕೆ ನನ್ನ ತಕರಾರಿಲ್ಲ. ಬಾದಾಮಿಯ ಮರಳುಗಲ್ಲಿನ ಗೋಡೆಗಳಲ್ಲೂ ಬೋಲ್ಟ್‌ಗಳಿವೆ. ಅಲ್ಲಿ ಅವು ಕೈಜಾರಿದವರನ್ನು ಹಿಡಿಯಲಿಕ್ಕೆ. ಏರುವುದು ಬೆರಳು, ಪಾದಗಳ ಕೆಲಸ. ಮೇಸ್ತ್ರಿಯದು ಬೇರೆ ಲೆಕ್ಕ. ಒಂದು ಬೋಲ್ಟ್‌ಗೆ ಬಟ್ಟೆಯ ಏಣಿ ತೂಗುಹಾಕಿ, ಅದರ ಮೇಲೆ ನಿಂತು ಕೈಗೆಟುಕಿದಷ್ಟು ಮೇಲೆ ಇನ್ನೊಂದು ಕೊರೆಯುವುದು. ಬಂಡೆಯಲ್ಲಿ ಬಿರುಕು ಎಲ್ಲಿದೆ, ಹಿಡಿತ ಎಲ್ಲಿದೆ ಎಂದು ನೋಡುವ ಅಗತ್ಯವೇ ಬೀಳಲಿಲ್ಲ. ಪಕ್ಕದಲ್ಲೇ ಬಿರುಕಿದ್ದ ಕಡೆಯೂ ಬೋಲ್ಟ್ ಬಿತ್ತು. ಅಕ್ಷಮ್ಯವಾದದ್ದು ಇದೇ.

2012ರ ಜನವರಿಯಲ್ಲಿ ಆರೋಹಿಗಳಾದ ಹೇಡನ್ ಕೆನಡಿ ಮತ್ತು ಜೇಸನ್ ಕ್ರುಕ್ ಆ ಬೋಲ್ಟ್‌ಸಾಲನ್ನು ನೆಚ್ಚಿಕೊಳ್ಳದೆ ಏರಿ, ಇಳಿಯುವಾಗ 100ಕ್ಕೂ ಹೆಚ್ಚು ಬೋಲ್ಟ್ ಕಿತ್ತರು. ಬೆಟ್ಟದ ಬುಡದ ಎಲ್ ಚಾಲ್ಟೆನ್ ಊರು ಸಿಡಿದೆದ್ದಿತು. ಪೊಲೀಸರು ಇಬ್ಬರನ್ನೂ ವಿಚಾರಣೆಗೆ ಹಿಡಿದರು. ಇತಿಹಾಸ ಅಳಿಸಿದರು ಎಂಬ ಆರೋಪ ನನಗೆ ಒಪ್ಪಿಗೆಯಿಲ್ಲ. ಮೇಸ್ತ್ರಿಯೇ ಇಳಿಯುವಾಗ ಕೊನೆಯ ಕೆಲವು ಬೋಲ್ಟ್ ಮುರಿದುಹಾಕಿದ್ದ. ಊರಿನ ಆರೋಹಿಗಳನ್ನು ಕೇಳದೆ ಹೊರಗಿನವರು ತೀರ್ಮಾನಿಸಿದರು ಎಂಬ ದೂರು ಮಾತ್ರ ನ್ಯಾಯವಾದದ್ದು. ಕಿತ್ತದ್ದು ಸರಿ, ಕಿತ್ತ ರೀತಿ ಸರಿಯಲ್ಲ.

ಕೆಲವೇ ದಿನಗಳಲ್ಲಿ ಆಸ್ಟ್ರಿಯಾದ ಡೇವಿಡ್ ಲಾಮಾ, ಪೀಟರ್ ಓರ್ಟ್‌ನರ್ ಜೊತೆ ಬಂದು, ಅದೇ ಅಂಚನ್ನು ಬರಿಗೈಯ ಹಿಡಿತದಲ್ಲೇ ಏರಿದ. ಹಗ್ಗ ಇದ್ದದ್ದು ಬಿದ್ದರೆ ಹಿಡಿಯಲು. ಮೇಲಿನ ಗೋಡೆಯಲ್ಲಿ ಬೋಲ್ಟ್‌ಸಾಲಿದ್ದ ದಾರಿ ಬಿಟ್ಟು ಪಕ್ಕಕ್ಕೆ ಸರಿದು, ಅಲುಗಾಡುವ ಕಲ್ಲಿನ ಚಕ್ಕೆಗಳನ್ನು ಒಂದೊಂದಾಗಿ ತಡವಿ ಹಿಡಿದ. 2010ರಲ್ಲಿ ಇದೇ ಲಾಮಾನ ಏರುವಿಕೆಯನ್ನು ಚಿತ್ರೀಕರಿಸಲು ಬಂದ ತಂಡ ಹೊಸ ಬೋಲ್ಟ್ ಹೊಡೆದಿತ್ತು. ಆ ತಪ್ಪು ಅವನ ಲೆಕ್ಕದಲ್ಲಿ ಹಾಗೇ ಇದೆ. ಆದರೂ ಬಂಡೆಯಲ್ಲಿ ದಾರಿಯಿತ್ತು ಎಂದು ತೋರಿಸಿಕೊಟ್ಟದ್ದು ಅವನೇ.